ಹಳೇ ಪಿಪಿವಿಗೆ ಸ್ಟಾರ್ ಕೊಡುವ ಮೊದಲು ನಿಮಿಷ ಎಣಿಸಿ: ನನ್ನ ಅನುಭವ

ಹಳೇ ರೆಸ್ಲಿಂಗ್ ಪಿಪಿವಿಗಳನ್ನು (ಪೇ-ಪರ್-ವ್ಯೂ, ಅಂದರೆ ದುಡ್ಡು ಕೊಟ್ಟು ಮನೆಯಲ್ಲಿ ನೋಡುವ ದೊಡ್ಡ ಶೋ) ಮತ್ತೆ ನೋಡಿ ಬರೆಯುವವರು ಪಂದ್ಯಕ್ಕೆ ಇಷ್ಟು ಸ್ಟಾರ್ ಅಂತ ಹಾಕಿ, ಕೊನೆಗೊಂದು ಸರಾಸರಿ ತೆಗೆದು ಕೈತೊಳೆದುಕೊಳ್ಳುತ್ತಾರೆ. ನಾನು ಮೊದಲು ನಿಮಿಷ ಬರೆದುಕೊಳ್ಳುತ್ತೇನೆ. ‘ಕುಸ್ತಿ ನೋಡ್ತೀಯೋ, ಹಾಜರಿ ಹಾಕ್ತೀಯೋ’ ಅಂತ ನಕ್ಕವರಲ್ಲೇ ಒಂದಿಬ್ಬರು ಈಗ ನನ್ನ ಶೀಟು ಕೇಳುತ್ತಿದ್ದಾರೆ. ಹಾಗಾಗಿ ವಿಧಾನ ಬರೆದಿಡುತ್ತಿದ್ದೇನೆ.

ಶೀಟಿನಲ್ಲಿ ಐದು ಕಾಲಂ: ಪಂದ್ಯ, ಎಂಟ್ರಿ (ಕುಸ್ತಿಪಟು ಹಾಡಿನೊಂದಿಗೆ ರಿಂಗಿಗೆ ಬರುವುದು), ಮಾತು ಮತ್ತು ಹಿನ್ನೆಲೆ ವಿಡಿಯೊ, ಪಂದ್ಯದ ಆಚೀಚಿನ ಗಲಾಟೆ, ಜಾಹೀರಾತು. ಸ್ಟಾಪ್‌ವಾಚ್ ಬೇಡವೇ ಬೇಡ, ಮಧ್ಯೆ ಒಮ್ಮೆ ಪಾಸ್ ಮಾಡಿದರೆ ಲೆಕ್ಕ ಕೆಡುತ್ತದೆ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವಲ್ಲಿ ಪ್ಲೇಯರಿನ ಟೈಮ್‌ಕೋಡ್ (ಪರದೆಯಲ್ಲಿ ತೋರುವ ಸಮಯ) ಬರೆದುಕೊಳ್ಳಿ, ಕಳೆಯುವ ಕೆಲಸ ಶೀಟಿನದು. ಐದೂ ಕಾಲಮಿನ ಮೊತ್ತ ಫೈಲಿನ ಉದ್ದಕ್ಕೆ ಸರಿಹೊಂದಬೇಕು. ಹತ್ತಿಪ್ಪತ್ತು ಸೆಕೆಂಡ್ ಆಚೀಚೆ ಆದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ಎಲ್ಲೋ ಒಂದು ಗಡಿ ತಪ್ಪಿದೆ ಎಂದರ್ಥ. ಪಂದ್ಯ ಶುರುವಾಗುವುದು ಮೊದಲ ಬೆಲ್ಲಿಗೆ. ಎದುರಾಳಿಯ ಭುಜ ನೆಲಕ್ಕೆ ಅದುಮಿದಾಗ ರೆಫರಿ ನೆಲಕ್ಕೆ ಬಡಿದು ಮೂರು ಎಣಿಸುತ್ತಾನಲ್ಲ, ಮುಗಿಯುವುದು ಮಾತ್ರ ಆ ಮೂರನೇ ಏಟಿಗೆ, ಕೊನೆಯ ಬೆಲ್ಲಿಗಲ್ಲ. ಬೆಲ್ ಬಾರಿಸುವವನು ಕೆಲವೊಮ್ಮೆ ನಾಲ್ಕೈದು ಸೆಕೆಂಡ್ ತಡ ಮಾಡುತ್ತಾನೆ, ಗಲಾಟೆಯಿದ್ದರೆ ಬಾರಿಸಿದ್ದೇ ಕೇಳಿಸುವುದಿಲ್ಲ. ಬೆಲ್ಲಿಗೆ ಮೊದಲೇ ಹೊಡೆದಾಟ ಶುರುವಾಗಿದ್ದರೆ ಅದು ನಾಲ್ಕನೇ ಕಾಲಮಿಗೆ ಹೋಗುತ್ತದೆ.

ಇದರಿಂದ ಏನು ಗೊತ್ತಾಗುತ್ತದೆ ಅನ್ನುವವರಿಗೆ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಕಂಪನಿಯ ‘ಇನ್ ಯುವರ್ ಹೌಸ್’ ಸರಣಿಯೇ ಉತ್ತರ. ಎರಡೇ ಗಂಟೆಯ ಅಗ್ಗದ ಶೋ, ಶುರುವಾದಾಗ 14.95 ಡಾಲರ್. ಮೊದಲನೆಯದು 1995ರ ಮೇ 14ರಂದು ಸಿರಾಕ್ಯೂಸಿನಲ್ಲಿ ನಡೆಯಿತು. ಆರು ಪಂದ್ಯ, ಎಲ್ಲ ಕೂಡಿದರೆ ಸುಮಾರು 51 ನಿಮಿಷ, ಅಂದರೆ ತಲಾ ಎಂಟೂವರೆ. ಉಳಿದದ್ದರಲ್ಲಿ ಒಂದಷ್ಟನ್ನು ಫ್ಲಾರಿಡಾದ ಮನೆ ಬಹುಮಾನ ಕೊಡುವ ಸಡಗರ ನುಂಗಿತು. 1997ರ ಜುಲೈ 6ರ ಕ್ಯಾಲ್ಗರಿಯ ‘ಕೆನೇಡಿಯನ್ ಸ್ಟಾಂಪೀಡ್’ ಕೂಡ ಅದೇ ಎರಡು ಗಂಟೆಯದು. ಪಂದ್ಯ ನಾಲ್ಕೇ, ನಿಮಿಷ ಮಾತ್ರ ಅರವತ್ತು. ಕೊನೆಯ ಹತ್ತು ಜನರ ಪಂದ್ಯವೊಂದೇ 24 ನಿಮಿಷ ದಾಟುತ್ತದೆ. ಈ ಸ್ಟಾಂಪೀಡನ್ನು ಎಲ್ಲರೂ ಹೊಗಳುತ್ತಾರೆ, ಕಾರಣ ಕೇಳಿದರೆ ‘ಜನರ ಕೂಗು’ ಅನ್ನುತ್ತಾರೆ. ಕೂಗು ಇತ್ತು ನಿಜ. ಆದರೆ ಎರಡು ಪಂದ್ಯ ಕಡಿಮೆ ಇಟ್ಟು ಒಂಬತ್ತು ನಿಮಿಷ ಹೆಚ್ಚು ಕುಸ್ತಿ ಕೊಟ್ಟದ್ದನ್ನು ನನಗೆ ಗೊತ್ತಿರುವ ಮಟ್ಟಿಗೆ ಯಾರೂ ಲೆಕ್ಕ ಹಾಕಿ ತೋರಿಸಿರಲಿಲ್ಲ. ಅದೇ ಸೆಪ್ಟೆಂಬರಿನ ‘ಗ್ರೌಂಡ್ ಝೀರೋ’ದಿಂದ ಈ ಸರಣಿ ಮೂರು ಗಂಟೆಯದಾಯಿತು. ಆಮೇಲೆ ಹೆಚ್ಚು ಉಬ್ಬಿದ್ದು ನನ್ನ ಶೀಟಿನ ಮೂರನೇ ಕಾಲಂ.

ಅದೇ ಕಂಪನಿಯ ‘ರೆಸಲ್‌ಮೇನಿಯಾ 4’ ಇದಕ್ಕೆ ತದ್ವಿರುದ್ಧ. 1988ರ ಮಾರ್ಚ್ 27, ಅಟ್ಲಾಂಟಿಕ್ ಸಿಟಿ, 14 ಜನರ ಟೂರ್ನಿ, ಒಟ್ಟು 16 ಪಂದ್ಯ. ಕುಸ್ತಿ ಸುಮಾರು 114 ನಿಮಿಷ, ತಲಾ ಏಳು. ಆ ರಾತ್ರಿಯ ಅತಿ ಉದ್ದದ ಪಂದ್ಯ ರಿಕ್ ರೂಡ್ ಮತ್ತು ಜೇಕ್ ರಾಬರ್ಟ್ಸ್‌ರದು, 15 ನಿಮಿಷದ ಗಡುವು ಮುಗಿದು ಡ್ರಾ. ಯಾರೂ ಗೆಲ್ಲದ ಪಂದ್ಯಕ್ಕೆ 15 ನಿಮಿಷ, ರ್‍ಯಾಂಡಿ ಸ್ಯಾವೇಜ್ ಚಾಂಪಿಯನ್ ಆದ ಫೈನಲ್ಲಿಗೆ ಒಂಬತ್ತೂವರೆ! ಪ್ರೇಕ್ಷಕರು ಸುಸ್ತಾದದ್ದು ಎಲ್ಲಿ ಅಂತ ಹುಡುಕಬೇಕಿಲ್ಲ, ಶೀಟೇ ತೋರಿಸುತ್ತದೆ.

ರಾಯಲ್ ರಂಬಲ್ಲಿಗೆ ಬೇರೆ ಲೆಕ್ಕ ಬೇಕು. ಅಲ್ಲಿ ಬಜರ್ ಬಾರಿಸಿದಂತೆಲ್ಲ ನಂಬರಿನ ಪ್ರಕಾರ ಒಬ್ಬೊಬ್ಬರು ರಿಂಗಿಗೆ ಬರುತ್ತಾರೆ, ಹಗ್ಗದ ಮೇಲಿಂದ ಹೊರಗೆ ಬಿದ್ದವರು ಔಟ್ (ಎಲಿಮಿನೇಶನ್), ಕೊನೆಗೆ ಉಳಿದವನೇ ಗೆದ್ದವನು. 1995ರಲ್ಲಿ ಶಾನ್ ಮೈಕಲ್ಸ್ ಒಂದನೇ ನಂಬರಿನಲ್ಲಿ ಬಂದು ಗೆದ್ದ ಅನ್ನುವುದು ದೊಡ್ಡ ಸಂಗತಿಯೇ. ಆದರೆ ಆ ಸಲ ನಿಮಿಷಕ್ಕೊಬ್ಬ ಬರುತ್ತಿದ್ದ, ಇಡೀ ಪಂದ್ಯ 40 ನಿಮಿಷದೊಳಗೆ ಮುಗಿಯಿತು. 1992ರಲ್ಲಿ ಎರಡು ನಿಮಿಷಕ್ಕೊಬ್ಬ. ಮೂರನೆಯವನಾಗಿ ಬಂದ ರಿಕ್ ಫ್ಲೇರ್ ಹತ್ತಿರ ಹತ್ತಿರ ಒಂದು ಗಂಟೆ ನಿಂತ. ನಂಬರ್ ನೋಡಿ ಹೋಲಿಸಿದರೆ ಮೈಕಲ್ಸ್ ಮೇಲು, ನಿಮಿಷ ನೋಡಿದರೆ ಫ್ಲೇರ್ ಹತ್ತಿರ ಅವನು ಸುಳಿಯುವುದೂ ಇಲ್ಲ. ಎಲಿಮಿನೇಶನ್ನುಗಳನ್ನು ಬಜರ್‌ನಿಂದ ಬಜರ್‌ಗೆ ಹೇಗೆ ಹಂಚುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಈ ವಿಧಾನವನ್ನು ಕೆಡಿಸುವುದು ಫೈಲು, ದುಡ್ಡು ಹೋಗುವುದೂ ಅಲ್ಲೇ. ಸ್ಟ್ರೀಮಿಂಗ್ ಪ್ರತಿಯಲ್ಲಿ ಎಂಟ್ರಿ ಹಾಡು ಬದಲಾಗಿರುತ್ತದೆ, ಕೆಲವು ತುಂಡು ಇರುವುದೇ ಇಲ್ಲ. 2002ರಿಂದ 2012ರವರೆಗಿನ ಡಿವಿಡಿಗಳಲ್ಲಿ ಹಳೇ ಡಬ್ಲ್ಯುಡಬ್ಲ್ಯುಎಫ್ ಲೋಗೊ ಮಸುಕು ಮಾಡಿರುತ್ತಾರೆ, ಹೆಸರಿನ ಕೊನೇ ಅಕ್ಷರವನ್ನು ಮಾತಿನಿಂದಲೂ ಕತ್ತರಿಸಿರುತ್ತಾರೆ. 1996ರ ಮೇ 26ರ ‘ಬಿವೇರ್ ಆಫ್ ಡಾಗ್’ ನಡುವೆ ಬಿರುಗಾಳಿಗೆ ಕರೆಂಟ್ ಹೋಗಿ, ಮನೆಯಲ್ಲಿ ಕೂತವರಿಗೆ ಮೊದಲ ಮತ್ತು ಕೊನೆಯ ಪಂದ್ಯ ಮಾತ್ರ ಸಿಕ್ಕಿತು. ಉಳಿದವನ್ನು ಮಂಗಳವಾರ ಬೇರೆ ಊರಿನಲ್ಲಿ ಮತ್ತೆ ಆಡಿಸಿದರು. ಇಂಥ ಶೋಗೆ ಎರಡು ಶೀಟು ಮಾಡಲೇಬೇಕು.

ಆದ್ದರಿಂದ ಆ ಕಾಲದ ವಿಡಿಯೊ ಟೇಪನ್ನೇ ತರಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು (ಅದೇ ಕ್ಯಾಪ್ಚರ್). ಸೆಕೆಂಡ್‌ಹ್ಯಾಂಡ್ ವಿಸಿಆರ್ ನಾಲ್ಕು ಸಾವಿರದ ಆಸುಪಾಸು, ಹೊರಗಿನಿಂದ ತರಿಸಿದ ಟೇಪು ಅಂಚೆ, ಕಸ್ಟಮ್ಸ್ ಸೇರಿ ಒಂದಕ್ಕೆ ಎರಡು ಸಾವಿರದವರೆಗೆ. ಏಳುನೂರು ರೂಪಾಯಿಯ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯನ್ನು ಮುಟ್ಟಲೇಬೇಡಿ. ಟೇಪು ಸ್ವಲ್ಪ ಅಲುಗಿದರೂ ಅದು ಫ್ರೇಮ್ ಬಿಟ್ಟುಬಿಡುತ್ತದೆ, ಮೂರು ಗಂಟೆಯಲ್ಲಿ ಒಂದು ನಿಮಿಷವೇ ಮಾಯ, ಧ್ವನಿ ಎಲ್ಲೋ, ಚಿತ್ರ ಎಲ್ಲೋ. ವಿಸಿಆರ್ ಮತ್ತು ಕ್ಯಾಪ್ಚರ್ ಕಾರ್ಡಿನ ಮಧ್ಯೆ ಹಳೇ ಡಿವಿಡಿ ರೆಕಾರ್ಡರ್ ಕೂರಿಸಿ ಸಿಗ್ನಲ್ ಹಾಯಿಸಿದರೆ ಚಿತ್ರ ಸ್ಥಿರವಾಗುತ್ತದೆ. ಯಾವ ಮಾಡೆಲ್ ಅಂತ ಹೇಳುವುದಿಲ್ಲ, ಹೇಳಿದ ವಾರದಲ್ಲೇ ಬೆಲೆ ಏರುತ್ತದೆ. ಅಮೆರಿಕದ ಟೇಪು ಎನ್‌ಟಿಎಸ್‌ಸಿ ಎಂಬ ಅಲ್ಲಿನ ಟಿವಿ ಪದ್ಧತಿಯದು, ನಮ್ಮದೂ ಬ್ರಿಟನ್ನಿನದೂ ಪಾಲ್. ನಮ್ಮಲ್ಲಿ ಸಿಗುವ ಬಹಳಷ್ಟು ವಿಸಿಆರ್ ಅದನ್ನು ಪಾಲ್-60 ಆಗಿ (ಪಾಲ್ ಬಣ್ಣ, ಎನ್‌ಟಿಎಸ್‌ಸಿ ವೇಗ) ಹೊರಗೆ ಬಿಡುತ್ತವೆ, ಟಿವಿಯಲ್ಲಿ ಬಣ್ಣ ಬರುತ್ತದೆ, ಕ್ಯಾಪ್ಚರಿನಲ್ಲಿ ಕಪ್ಪು-ಬಿಳುಪು. ಔಟ್‌ಪುಟ್ಟನ್ನು 3.58ಕ್ಕೆ, ಅಂದರೆ ಅಸಲಿ ಎನ್‌ಟಿಎಸ್‌ಸಿ ಬಣ್ಣಕ್ಕೆ, ಬದಲಿಸುವ ಸ್ವಿಚ್ ಇರುವುದನ್ನೇ ಕೊಳ್ಳಿ. ಬ್ರಿಟನ್ನಿನ ಪಾಲ್ ಟೇಪಿನಲ್ಲಿ ನಾಲ್ಕು ಪರ್ಸೆಂಟ್ ವೇಗ ಜಾಸ್ತಿ ಅಂತ ಹೆದರಿಸುವವರಿದ್ದಾರೆ. ಅದು ಫಿಲ್ಮಿನಲ್ಲಿ ತೆಗೆದ ಸಿನಿಮಾದ ಮಾತು. ಕುಸ್ತಿ ವಿಡಿಯೊದಲ್ಲೇ ಚಿತ್ರಿಸಿದ್ದು, ಪರಿವರ್ತಿಸಿದರೂ ಅವಧಿ ಹಾಗೇ ಉಳಿಯುತ್ತದೆ.

ಪ್ರೇಕ್ಷಕರ ಗದ್ದಲವನ್ನು ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರಿನಲ್ಲಿ ಅಳೆಯುವ ಪ್ರಯೋಗ ಕೈಕೊಟ್ಟಿತು. ಕಾಮೆಂಟರಿ ಅದರ ಮೇಲೆಯೇ ಕೂತಿರುತ್ತದೆ, ಮೈಕು ಇಟ್ಟ ಜಾಗ ಊರಿಂದೂರಿಗೆ ಬೇರೆ, ಹೋಲಿಕೆಗೆ ಬರುವುದಿಲ್ಲ.

ಚೆನ್ನಾಗಿ ಕೂಡಿಬಂದದ್ದು ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುದ ‘ಸ್ಟಾರ್‌ಕೇಡ್ 1997’. ಸ್ಟಿಂಗ್‌ನನ್ನು ಹೋಗನ್ ಅದುಮಿ ಹಿಡಿದಾಗ ರೆಫರಿ ನಿಕ್ ಪ್ಯಾಟ್ರಿಕ್ ಬೇಗಬೇಗ ಎಣಿಸಿ ಮೋಸ ಮಾಡಿದ ಅನ್ನುವುದು ಕಥೆ, ಆ ನೆಪದ ಮೇಲೇ ಇನ್ನೊಬ್ಬ ಕುಸ್ತಿಪಟು ಬ್ರೆಟ್ ಹಾರ್ಟ್ ಬಂದು ಪಂದ್ಯ ಮುಂದುವರಿಸುತ್ತಾನೆ. ವಿಎಲ್‌ಸಿ ಪ್ಲೇಯರಿನಲ್ಲಿ, ಒಂದೊಂದೇ ಫ್ರೇಮ್ ಮುಂದೆ ಹೋಗುವ ‘ಇ’ ಕೀ ಒತ್ತುತ್ತಾ ಮೊದಲ ಏಟಿನಿಂದ ಮೂರನೇ ಏಟಿನವರೆಗೆ ಫ್ರೇಮ್ ಎಣಿಸಿ, ಅದೇ ರೆಫರಿಯ ನೈಟ್ರೋ (ಆ ಕಂಪನಿಯ ವಾರದ ಟಿವಿ ಶೋ) ಪಂದ್ಯಗಳ ಎಣಿಕೆಯ ಪಕ್ಕದಲ್ಲಿಟ್ಟು ನೋಡಿ. ಮಾಮೂಲಿ ವೇಗವೇ. ಡೀಇಂಟರ್‌ಲೇಸ್ ಮಾಡದ (ಒಂದು ಫ್ರೇಮಿನಲ್ಲಿ ಎರಡು ಕ್ಷಣದ ಗೆರೆಗಳು ಹೆಣೆದುಕೊಂಡೇ ಇರುವ) ಫೈಲಿನಲ್ಲಿ ಎಣಿಸಬೇಡಿ, ಕೈ ಎರಡೆರಡಾಗಿ ಕಾಣುತ್ತದೆ.

ಈಗ ಕೈಯಲ್ಲಿರುವುದು 1998ರ ಅಕ್ಟೋಬರ್ 25ರ, ಅದೇ ಡಬ್ಲ್ಯುಸಿಡಬ್ಲ್ಯುದ ‘ಹ್ಯಾಲೋವೀನ್ ಹ್ಯಾವಕ್’. ಹೋಗನ್–ವಾರಿಯರ್ ಪಂದ್ಯಕ್ಕೆ ಸುಮಾರು 14 ನಿಮಿಷ ಸುರಿದರು, ಗೋಲ್ಡ್‌ಬರ್ಗ್–ಪೇಜ್ ಪಂದ್ಯ ನಡೆಯುತ್ತಿರುವಾಗಲೇ ಬಹಳಷ್ಟು ಮನೆಗಳಲ್ಲಿ ಪ್ರಸಾರ ನಿಂತುಹೋಯಿತು. ಆ ಪಂದ್ಯವನ್ನು ಮರುದಿನ ನೈಟ್ರೋದಲ್ಲಿ ಪುಕ್ಕಟೆ ತೋರಿಸಬೇಕಾಯಿತು. ಮೊದಲ ಎರಡು ಗಂಟೆಯ ಟೈಮ್‌ಕೋಡ್ ಹಾಕಿ ಆಗಿದೆ, ಮೂರನೇ ಮತ್ತು ಐದನೇ ಕಾಲಂ ಎಷ್ಟು ತಿಂದವು ಅಂತ ಕೂಡಿಸುವುದಷ್ಟೇ ಬಾಕಿ.