480 ವೋಲ್ಟಿಗೂ ಸುಡದ 3 ವಾಟಿನ ಸಪ್ಲೈ

ಕೊಳವೆಬಾವಿಯ ಸ್ಟಾರ್ಟರ್ ಬೋರ್ಡಿಗಾಗಿ ನಾನು ಕಟ್ಟಿದ ಪುಟ್ಟ ಪವರ್ ಸಪ್ಲೈ ತಿಕೋಟಾ ಸಮೀಪದ ದ್ರಾಕ್ಷಿ ತೋಟದಲ್ಲಿ ಎರಡನೆಯ ಬೇಸಿಗೆಯನ್ನು ದಾಟಿದೆ. ಇದುವರೆಗೆ 60ರಷ್ಟು ಬೋರ್ಡು ಕೊಟ್ಟಿದ್ದೇನೆ. ವಾಪಸ್ ಬಂದದ್ದು ಎರಡೇ, ಅದರಲ್ಲೊಂದಕ್ಕೆ ಇಲಿ ವೈರ್ ಕಡಿದಿತ್ತು. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಬಿಟ್ಟು ಚಿಪ್ ಹಾಕಿ ಸಪ್ಲೈ ಕಟ್ಟುವುದು ಇಲ್ಲಿ ಆಗದ ಕೆಲಸ ಎಂದವರು ಬಹಳ ಜನರಿದ್ದರು, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನಮ್ಮ ವಿಜಯಪುರದ ಹೊಲಗಳಲ್ಲಿ ಕೊಳವೆಬಾವಿಯ ಪೆಟ್ಟಿಗೆಗೆ ಬರುವುದು ಸಾಮಾನ್ಯವಾಗಿ ಮೂರು ಫೇಸ್ ಮಾತ್ರ, ನ್ಯೂಟ್ರಲ್ ಇರುವುದಿಲ್ಲ. ಸ್ಟಾರ್ಟರ್ ಬೋರ್ಡಿಗೆ ಎರಡು ಫೇಸ್ ನಡುವಿನ 415 ವೋಲ್ಟೇ ಗತಿ. ಎಲ್ಲರೂ ಮೋಟಾರ್ ಹಚ್ಚಿದಾಗ ಅದು 280ಕ್ಕೆ ಇಳಿಯುತ್ತದೆ. ಬೆಳಗಿನ ಜಾವ 480 ಮುಟ್ಟಿದ್ದನ್ನು ನನ್ನ ಮೀಟರಿನಲ್ಲೇ ನೋಡಿದ್ದೇನೆ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಸುಡುವುದು ಆ ಹೊತ್ತಿನಲ್ಲಿ. ಆದರೂ ಪ್ಯಾನೆಲ್ ಕಟ್ಟುವ ಹಿರಿಯರೊಬ್ಬರು, ‘ಟ್ರಾನ್ಸ್‌ಫಾರ್ಮರ್ ಸುಟ್ಟರೆ ಇನ್ನೊಂದು ಹಾಕಿದರಾಯಿತು ತಮ್ಮಾ, ನಿನ್ನ ಚಿಪ್ ಸುಟ್ಟರೆ ನಿನ್ನನ್ನು ಎಲ್ಲಿ ಹುಡುಕಲಿ?’ ಎಂದರು. ಆ ಮಾತು ನನಗೆ ನಾಟಿತು.

ಮೊದಲು ಹಾಕಿದ್ದು ಯುಸಿ3844 ಎಂಬ ಸ್ವಿಚಿಂಗ್ ಕಂಟ್ರೋಲ್ ಚಿಪ್. ಅದು ಏಳಲು 16 ವೋಲ್ಟ್, ಹತ್ತಿರ ಹತ್ತಿರ 1 ಮಿಲಿ ಆಂಪಿಯರ್ ಬೇಕು. ಲೈನ್ 200 ವೋಲ್ಟಿಗೆ ಇಳಿದರೂ ಏಳಲಿ ಎಂದು 220ಕೆ (ಕಿಲೊ ಓಮ್) ರೆಸಿಸ್ಟರ್ ಕೊಟ್ಟೆ. 480 ವೋಲ್ಟ್ ಎ.ಸಿ.ಯನ್ನು ಡಿ.ಸಿ. ಮಾಡಿದರೆ 680 ಆಗುತ್ತದೆ, ಆ ರೆಸಿಸ್ಟರ್ ಒಂದರಲ್ಲೇ 2 ವಾಟ್ ಹೋಯಿತು. ಕೊಡುವುದು 3 ವಾಟ್, ನುಂಗುವುದು 2! ಒಂದೇ ತಿಂಗಳಲ್ಲಿ ಅದರ ಕೆಳಗಿನ ಬೋರ್ಡು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು.

ಆಮೇಲೆ ವೈಪರ್22ಎ. ಕರೆಂಟನ್ನು ಹಚ್ಚಿ ಆರಿಸುವ ಮಾಸ್ಫೆಟ್ ಇದರ ಒಳಗೇ ಇದೆ, ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಅದರ ತಾಳಿಕೆ 730 ವೋಲ್ಟ್. 680ರ ಮೇಲೆ ಟ್ರಾನ್ಸ್‌ಫಾರ್ಮರಿನಿಂದ ಮರಳುವ ನೂರು ವೋಲ್ಟ್ ಕೂಡಿದರೆ ಉಳಿಯುವುದೆಲ್ಲಿ? ಒಂದು ವಾರದಲ್ಲಿ 14 ಚಿಪ್ ಹೋದವು. ಅದರಲ್ಲಿ ಕೆಲವು ನಕಲಿ ಎಂಬುದು ತಡವಾಗಿ ತಿಳಿಯಿತು. ಹತ್ತಿಗೆ ಥಿನ್ನರ್ ಹಚ್ಚಿ ಉಜ್ಜಿದಾಗ ಹೆಸರು ಅಳಿಸಿ, ಕೆಳಗೆ ಬೇರೆಯದೇ ಅಕ್ಷರ ಕಂಡವು. ಆ ವರ್ಷ ಒಟ್ಟು 38 ಸಾವಿರ ರೂಪಾಯಿ ನೀರಿಗೆ ಹೋಯಿತು. ಅಂದಿನಿಂದ ಬಿಲ್ಲಿಲ್ಲದ ಚಿಪ್ ಮುಟ್ಟುವುದಿಲ್ಲ.

1050 ವೋಲ್ಟಿನ ವೈಪರ್26ಕೆ ಹಾಕು ಎಂದು ಗೆಳೆಯ ಹೇಳಿದ. ಒಳ್ಳೆಯ ಚಿಪ್, ಎರಡು ಬೋರ್ಡಿನಲ್ಲಿ ಚೆನ್ನಾಗಿಯೇ ನಡೆಯಿತು. ಆದರೆ ನನಗೆ ಬೇಕಾದ ಸಂಖ್ಯೆಯಲ್ಲಿ, ನನಗೆ ಹೊಂದುವ ದರದಲ್ಲಿ ಸಿಗಲಿಲ್ಲ.

ಕೊನೆಗೆ ಕೈ ಹಿಡಿದದ್ದು ಟಿಎನ್‌ವೈ275 ಎಂಬ ಚಿಪ್. ಅದರ ತಾಳಿಕೆ 700 ವೋಲ್ಟ್ ಮಾತ್ರ. ಅದರ ತಲೆಯ ಮೇಲೆ 600 ವೋಲ್ಟಿನ ಇನ್ನೊಂದು ಮಾಸ್ಫೆಟ್ ಕೂರಿಸಿದೆ. 150 ವೋಲ್ಟಿಗೆ ತಡೆಯುವ ಪಿ6ಕೆಇ150ಎ ಡಯೋಡ್ ಮೂರನ್ನು ಸರಣಿಯಲ್ಲಿ ಹಾಕಿ ಚಿಪ್ಪಿನ ಪಾಲಿಗೆ 450 ವೋಲ್ಟ್ ಬಿಟ್ಟು, ಮಿಕ್ಕಿದ್ದನ್ನು ಮೇಲಿನದಕ್ಕೆ ಹೊರಿಸಿದೆ. ಚಿಪ್ ತನ್ನ ಡ್ರೈನ್ ಕಾಲಿನಿಂದಲೇ ಏಳುವುದರಿಂದ ಆ 220ಕೆ ಬೇಡ, ಚಿಪ್ಪಿಗೆಂದೇ ಟ್ರಾನ್ಸ್‌ಫಾರ್ಮರಿನಲ್ಲಿ ಹಾಕುವ ಸಹಾಯಕ ಸುತ್ತೂ ಬೇಡ. ಎರಡು ಮಾಸ್ಫೆಟ್ ಒಟ್ಟಿಗೆ ನಡೆಯುವುದಿಲ್ಲ, ಮೇಲಿನದು ಮೊದಲು ಸಾಯುತ್ತದೆ ಎಂದವರಿದ್ದರು. ಮೊದಲ ಮೂರು ಸತ್ತದ್ದೂ ನಿಜ. ಮೇಲಿನ ಮಾಸ್ಫೆಟ್ಟಿನ ಗೇಟ್ ಕಾಲಿನ ರೆಸಿಸ್ಟರ್ ಬದಲಿಸಿದ ಮೇಲೆ ಒಂದೂ ಸತ್ತಿಲ್ಲ. ಆ ರೆಸಿಸ್ಟರ್ ಎಷ್ಟು ಓಮಿನದು ಎಂಬುದನ್ನೂ ಟ್ರಾನ್ಸ್‌ಫಾರ್ಮರ್ ಸುತ್ತುವ ಕ್ರಮವನ್ನೂ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಇನ್‌ಪುಟ್ಟಿನಲ್ಲಿ 450 ವೋಲ್ಟಿನ ಎರಡು ಕೆಪಾಸಿಟರ್ ಸರಣಿಯಲ್ಲಿರಲಿ, ಪ್ರತಿಯೊಂದಕ್ಕೂ 1 ಮೆಗ್ ಓಮ್ ರೆಸಿಸ್ಟರ್ ಅಡ್ಡ ಹಾಕಿ. ಹಾಕದೆ ಬಿಟ್ಟಾಗ ಒಂದರ ನೆತ್ತಿ ಉಬ್ಬಿ ಬಂದಿತ್ತು. ವೋಲ್ಟೇಜ್ ಏಟು ತಡೆಯುವ ಎಂಒವಿ ಎ.ಸಿ. 510 ವೋಲ್ಟಿನದೇ ಆಗಬೇಕು. ಪರೀಕ್ಷೆಗೆ ಎರಡು 100 ವಾಟ್ ಬಲ್ಬುಗಳನ್ನು ಸರಣಿಯಲ್ಲಿ ಇಟ್ಟುಕೊಳ್ಳಿ, ಈ ವೋಲ್ಟೇಜಿಗೆ ಒಂದು ಬಲ್ಬು ಸಾಲದು.

ನಡುವೆ ಒಂದು ಆಟ ಆಡಿದೆ. ಈ ಚಿಪ್ಪಿನ ಬೈಪಾಸ್ ಕೆಪಾಸಿಟರ್ 0.1ರ ಬದಲು 1 ಮೈಕ್ರೊಫ್ಯಾರಡ್ ಆದರೆ ಕರೆಂಟಿನ ಮಿತಿ ಇಳಿಯುತ್ತದೆ. ಹಾಗೆ ಮಾಡಿದಾಗ ಟ್ರಾನ್ಸ್‌ಫಾರ್ಮರಿನ ಕೀರಲು ದನಿ ಬಹಳ ಕಡಿಮೆಯಾಯಿತು. ಉಳಿದದ್ದನ್ನು ವಾರ್ನಿಷ್ ಅಡಗಿಸಿತು.

ಬೋರ್ಡಿಗೆ ಒಟ್ಟು 190 ರೂಪಾಯಿ ಬೀಳುತ್ತದೆ, ಕಬ್ಬಿಣದ್ದಕ್ಕಿಂತ 70-80 ಹೆಚ್ಚು. ಆ ಹಿರಿಯರೇ ಈಗ ಮತ್ತೆ 25 ಕೇಳಿದ್ದಾರೆ. ಇಂಡಿ ತಾಲ್ಲೂಕಿನ ನಿಂಬೆ ತೋಟದವರಿಗೆ 5 ವಾಟ್ ಬೇಕಂತೆ, ಇಇ25 ಅಳತೆಯ ಬಾಬಿನ್ ತರಿಸಿ ನಿನ್ನೆಯಿಂದ ಟ್ರಾನ್ಸ್‌ಫಾರ್ಮರ್ ಸುತ್ತಲು ಕುಳಿತಿದ್ದೇನೆ.