ಮುದ್ದೆಗೆ ಬದಲಾದರೆ ಸಾಲದು, ಮುದ್ದೆಯ ಗಾತ್ರವೂ ಇಳಿಯಬೇಕು

ಟೈಪ್ 2 ಮಧುಮೇಹವಿದೆ ಎಂದು ಗೊತ್ತಾದ ಮರುದಿನವೇ ಹಳೆ ಮೈಸೂರು ಕಡೆಯ ಮನೆಗಳಲ್ಲಿ ಅನ್ನ ನಿಂತು ಮುದ್ದೆ ಶುರುವಾಗುತ್ತದೆ. ನಮ್ಮ ದೊಡ್ಡಪ್ಪನವರ ತಟ್ಟೆಯಲ್ಲಿ ವರ್ಷಗಟ್ಟಲೆ ಕಂಡದ್ದು ಇದನ್ನೇ: ತೆಂಗಿನಕಾಯಿ ಗಾತ್ರದ ಮುದ್ದೆ, ಸುತ್ತಲೂ ಬಸ್ಸಾರು, ಅಂಚಿನಲ್ಲಿ ಉಪ್ಪಿನಕಾಯಿಯಷ್ಟು ಪಲ್ಯ. ರಾಗಿಯಲ್ಲಿ ಅಕ್ಕಿಗಿಂತ ನಾರು ಹೆಚ್ಚು, ನಿಜ. ಆದರೆ ಅದರ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ ಆಗಿರುವುದರಿಂದ, ಧಾನ್ಯ ಬದಲಿಸಿ ಅಳತೆಯನ್ನು ಹಾಗೆಯೇ ಉಳಿಸಿಕೊಂಡವರ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲು ವೈದ್ಯರನ್ನು ಕೇಳಿಕೊಳ್ಳಬೇಕು.

ಎಲ್ಲರೂ ಎಡವುವುದು ಬಡಿಸುವಾಗ. ನಮ್ಮಲ್ಲಿ ಮುದ್ದೆ ಮೊದಲು ಬೀಳುತ್ತದೆ, ಉಳಿದ ಜಾಗ ಪಲ್ಯಕ್ಕೆ. ಇದನ್ನು ತಿರುವುಮುರುವು ಮಾಡಿ. ಮೊದಲು ಅರ್ಧ ತಟ್ಟೆಗೆ ಹುರುಳಿಕಾಯಿ, ಹೀರೇಕಾಯಿ, ಸೊಪ್ಪು, ಸೌತೆಕಾಯಿ ಬಡಿಸಿ. ಆಲೂಗಡ್ಡೆ, ಗೆಣಸುಗಳನ್ನು ತರಕಾರಿ ಎಂದು ಎಣಿಸದೆ ಧಾನ್ಯದ ಲೆಕ್ಕಕ್ಕೇ ಸೇರಿಸಿ. ಕಾಲು ಭಾಗಕ್ಕೆ ಕಾಳು, ಮೊಟ್ಟೆ ಅಥವಾ ಮೀನು ಇರಲಿ. ತಿಳಿಸಾರು ಬೇಳೆಯ ಲೆಕ್ಕಕ್ಕೆ ಬರುವುದಿಲ್ಲ; ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ ಕಾಳನ್ನೇ ಎತ್ತಬೇಕು. ಉಳಿದ ಕಾಲು ಭಾಗದಲ್ಲಿ ಮುದ್ದೆ, ಅನ್ನ, ಚಪಾತಿ ಇವುಗಳಲ್ಲಿ ಒಂದು ಮಾತ್ರ. ಮುದ್ದೆ ಮುಗಿಸಿ "ಮಜ್ಜಿಗೆಗೆ ಒಂದು ತುತ್ತು" ಅನ್ನ ಹಾಕಿಸಿಕೊಳ್ಳುವುದನ್ನು ಖಂಡಿತ ಬಿಡಬೇಕು. ತಿನ್ನುವಾಗಲೂ ಪಲ್ಯ, ಕಾಳು ಮೊದಲು, ಮುದ್ದೆ ಕೊನೆಗೆ. ಊಟದ ನಂತರ ಸಕ್ಕರೆ ಏರುವುದು ಇದರಿಂದ ತಗ್ಗುತ್ತದೆ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಪುಡಿಗಳನ್ನೂ, ಸಕ್ಕರೆಯಿಲ್ಲವೆಂದು ಮಾರುವ ಮೈದಾ ಬಿಸ್ಕತ್ತುಗಳನ್ನೂ ಮನೆಗೇ ತರಬೇಡಿ.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ.

ಮೊದಲ ತುತ್ತು ತಿಂದ ಎರಡು ಗಂಟೆಯ ಬಳಿಕ ರಕ್ತದ ಸಕ್ಕರೆಯನ್ನು ಗ್ಲುಕೋಮೀಟರಿನಲ್ಲಿ ನೋಡಿ. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಬೆರಳು ಚುಚ್ಚಿಕೊಂಡು ಅಂಕಿ ನೋಡಿ ಗಾಬರಿಯಾದವರಿದ್ದಾರೆ. ಕೈಯನ್ನು ಸೋಪಿನಲ್ಲಿ ತೊಳೆದು, ಪೂರ್ತಿ ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಬೇಕು. ಮಧುಮೇಹವಿರುವ ವಯಸ್ಕರಲ್ಲಿ ಅಂಕಿ ಸಾಮಾನ್ಯವಾಗಿ 180ಕ್ಕಿಂತ (mg/dL ಲೆಕ್ಕದಲ್ಲಿ) ಕಡಿಮೆ ಇರಬೇಕು; ಗರ್ಭಿಣಿಯರಿಗೂ ತೀರಾ ವಯಸ್ಸಾದವರಿಗೂ ಗುರಿ ಬೇರೆ. ಅಂಕಿಯ ಪಕ್ಕದಲ್ಲಿ ಅಂದು ತಿಂದದ್ದನ್ನೂ ಬರೆದಿಟ್ಟರೆ ಯಾವ ಊಟ ಒಗ್ಗುತ್ತದೆ ಎಂಬುದು ಒಂದೆರಡು ವಾರಗಳಲ್ಲಿ ತಿಳಿಯುತ್ತದೆ. 70ಕ್ಕಿಂತ ಕೆಳಗಿಳಿದಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಏರದಿದ್ದರೆ ಇನ್ನೊಮ್ಮೆ ಕುಡಿದು ವೈದ್ಯರಿಗೆ ಫೋನ್ ಮಾಡಿ.