ಮಗಳಿಗೆ ಬೆಂಗಳೂರಿನಲ್ಲಿ ಒಂದು ಸಭೆ

1996ರಲ್ಲಿ ನರ್ಸಿಂಗ್ ಕಲಿಯಲು ನಾನು ಊರು ಬಿಟ್ಟಾಗ ಟ್ರಂಕಿನಲ್ಲಿ ಸತ್ಯವೇದ ಇತ್ತು, ಸಂಗೀತ ಪುಸ್ತಕ ಇತ್ತು, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯೂ ಇತ್ತು. ಹೋದ ಊರಿನಲ್ಲಿ ಭಾನುವಾರ ಯಾವ ದೇವಾಲಯಕ್ಕೆ ಹೋಗಬೇಕು ಅನ್ನುವುದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೊದಲ ಭಾನುವಾರ ವಾರ್ಡ್ ಡ್ಯೂಟಿ ಬಿತ್ತು. ಎರಡನೆಯ ಭಾನುವಾರ ನೈಟ್ ಮುಗಿಸಿ ಮಲಗಿಬಿಟ್ಟೆ. ಮೂರನೆಯ ಭಾನುವಾರ ದಾರಿ ಕೇಳಿಕೊಂಡು ಒಂದು ಚರ್ಚಿನ ಗೇಟಿನವರೆಗೆ ಹೋದೆ. ಒಳಗಿನ ಹಾಡು ನನಗೆ ಗೊತ್ತಿಲ್ಲದ ಭಾಷೆಯದಾಗಿತ್ತು, ತಿರುಗಿ ಬಂದೆ. ಆಮೇಲೆ ಮೂರು ವರ್ಷ ಕರ್ತನ ಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ, ನಾನು ಕೂತದ್ದು ರಜೆಗೆ ಊರಿಗೆ ಬಂದಾಗ ಮಾತ್ರ. ಬರಬರುತ್ತಾ ನಮ್ಮ ಸಭೆಯಲ್ಲೇ, ಅಂದರೆ ನಮ್ಮ ಚರ್ಚಿನ ಜನರ ನಡುವೆಯೇ, ಬೀಗರ ಮನೆಗೆ ಬಂದವಳ ಹಾಗೆ ಕೂರತೊಡಗಿದ್ದೆ. ಆ ಮೂರು ವರ್ಷದಲ್ಲಿ ‘ಅಲ್ಲಿ ಆರಾಧನೆಗೆ ಹೋಗ್ತಿ ಇಲ್ಲೋ’ ಎಂದು ಸಭೆಯಿಂದ ಒಬ್ಬರೂ ಕೇಳಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಈಗ ಯೋಚಿಸಿದರೆ ಕಾರಣ ಸರಳ. ಧಾರವಾಡಕ್ಕೆ ಬಾಸೆಲ್ ಮಿಷನ್‌ನವರು ಬಂದದ್ದು 1837ರಲ್ಲಿ. ನಮ್ಮ ಮನೆತನ ತಲೆತಲಾಂತರದಿಂದ ಒಂದೇ ಸಭೆಯದು. ಗಂಟೆ ಬಾರಿಸಿದರೆ ಎದ್ದು ಹೋಗುವುದು ನಮಗೆ ಗೊತ್ತಿತ್ತು. ಹುಡುಕಿಕೊಂಡು ಹೋಗುವುದನ್ನು ಯಾರೂ ಕಲಿಸಿರಲಿಲ್ಲ.

ಹಾಗಾಗಿ ಮಗಳು ಪಿಯುಸಿ ಎರಡನೆಯ ವರ್ಷಕ್ಕೆ ಕಾಲಿಟ್ಟಾಗಲೇ ನಾನು ಈ ಕೆಲಸಕ್ಕೆ ಕೈಹಾಕಿದೆ. ಮೊದಲು ಮಾಡಿದ್ದು ಬಹಳ ಸಣ್ಣದು. ಭಾನುವಾರ ಅವಳನ್ನು ಎಬ್ಬಿಸುವುದನ್ನು ಬಿಟ್ಟೆ. ಎರಡು ವಾರ ಅವಳು ಮಲಗೇ ಇದ್ದಳು, ನಾವು ಹೋಗಿ ಬಂದೆವು. ಅವರಪ್ಪನಿಗೆ ಇದು ಸರಿ ಬರಲಿಲ್ಲ, ‘ಹೆಣ್ಣುಮಗಳನ್ನ ಹಿಂಗ ಬಿಡ್ತಾರೇನು’ ಎಂದು ಮುಖ ಗಂಟುಹಾಕಿಕೊಂಡರು. ಮೂರನೆಯ ವಾರ ತಾನೇ ಅಲಾರಂ ಇಟ್ಟುಕೊಂಡು ಎದ್ದಳು. ಕಾಣಿಕೆಗೆ ನಾವು ಕೈಗೆ ಹಾಕುತ್ತಿದ್ದ ನೋಟನ್ನೂ ನಿಲ್ಲಿಸಿದೆವು. ನಿನ್ನ ಪಾಕೆಟ್ ಮನಿಯಲ್ಲಿ ಎಷ್ಟು ತೆಗೀಬೇಕೋ ನೀನೇ ತೆಗಿ ಎಂದೆವು. ಹತ್ತು ರೂಪಾಯಿ ಹಾಕುತ್ತಿದ್ದಳು. ಅದು ಅವಳದೇ ಹತ್ತು ರೂಪಾಯಿ.

ಪ್ರಶ್ನೆಗಳೂ ಆ ವರ್ಷವೇ ಬಂದವು. ಜೀವಶಾಸ್ತ್ರದ ಪುಸ್ತಕಕ್ಕೂ ಆದಿಕಾಂಡಕ್ಕೂ ಹೇಗೆ ಹೊಂದುತ್ತದೆ, ಪ್ರಾರ್ಥನೆ ಮಾಡಿದರೂ ಚಿಕ್ಕಪ್ಪ ಯಾಕೆ ಉಳಿಯಲಿಲ್ಲ, ಇಂಥವು. ನನಗೆ ಉತ್ತರ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಹೇಳಿದೆ. ನಮ್ಮ ಸಭಾಪಾಲಕರಾದ ಅಯ್ಯನವರ ಹತ್ತಿರ ಕಳಿಸಿದೆ, ಅವರು ಒಂದು ಸಂಜೆ ಪೂರ್ತಿ ಅವಳ ಜೊತೆ ಕೂತರು. ಬೆರೋಯ ಊರಿನವರು ಅಪೊಸ್ತಲನಾದ ಪೌಲನ ಮಾತನ್ನೂ ಸತ್ಯವೇದಕ್ಕೆ ಹಚ್ಚಿ ನೋಡಿದರು, ಅದಕ್ಕೆ ಅವರನ್ನು ಮೆಚ್ಚಿಯೇ ಬರೆದಿದೆ, ಕೇಳು, ಹೆದರಬೇಡ ಎಂದರಂತೆ. ಮನೆಯಲ್ಲಿ ಕೇಳಲು ಬಿಡದ ಪ್ರಶ್ನೆಯನ್ನು ಮಕ್ಕಳು ಹಾಸ್ಟೆಲಿನಲ್ಲಿ ಕೇಳೇ ಕೇಳುತ್ತಾರೆ. ಅಲ್ಲಿ ಯಾರು ಉತ್ತರ ಕೊಡುತ್ತಾರೋ ನಮಗೆ ತಿಳಿಯುವುದಿಲ್ಲ.

ಸಿಇಟಿಯಲ್ಲಿ ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಾನು ಒಂದು ವಹಿಯಲ್ಲಿ ಚರ್ಚುಗಳ ಹೆಸರು ಬರೆಯತೊಡಗಿದೆ. ಬೆಂಗಳೂರಿನ ನೆಂಟರು, ಜೊತೆಗೆ ಕಲಿತ ನರ್ಸ್‌ಗಳು, ಸ್ತ್ರೀ ಸಮಾಜದ ಅಕ್ಕಂದಿರ ಮಕ್ಕಳು, ಹೀಗೆ ಕೇಳಿದವರೆಲ್ಲ ಒಂದೊಂದು ಹೆಸರು ಕೊಟ್ಟು ಪಟ್ಟಿ ಹದಿನಾಲ್ಕಕ್ಕೆ ಬಂತು. ಪ್ರತಿಯೊಬ್ಬರೂ ‘ಬಹಳ ಚಲೋ ಚರ್ಚ್ ಐತಿ’ ಎಂದೇ ಹೇಳಿದ್ದು. ಏನು ಚಲೋ ಎಂದು ಕೇಳಿದರೆ ಹಾಡು ಚಲೋ, ಪ್ರಸಂಗ ಚಲೋ, ಪಾರ್ಕಿಂಗ್ ಐತಿ. ಹಾಸ್ಟೆಲಿನಿಂದ ಅಲ್ಲಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು, ಜ್ವರ ಬಂದರೆ ಅಲ್ಲಿಂದ ಯಾರಾದರೂ ಬಂದು ನೋಡುತ್ತಾರೋ ಅನ್ನುವುದನ್ನು ಯಾರೂ ಹೇಳಲಿಲ್ಲ. ನಾನು ವಹಿಯಲ್ಲಿ ಆ ಎರಡಕ್ಕೇ ಗೆರೆ ಎಳೆದು ಜಾಗ ಮಾಡಿಕೊಂಡೆ.

ಕಾಲೇಜು ಸೋಮವಾರ ಶುರು. ನಾವು ಶುಕ್ರವಾರ ರಾತ್ರಿಯೇ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು. ಇದನ್ನು ಯಾರು ಕೇಳಿದರೂ ಹೇಳುತ್ತೇನೆ: ಮಕ್ಕಳನ್ನು ಬಿಡಲು ಹೋಗುವಾಗ ನಡುವೆ ಒಂದು ಭಾನುವಾರ ಬರುವ ಹಾಗೆ ನೋಡಿಕೊಳ್ಳಿ. ಮೊದಲ ಭಾನುವಾರ ತಪ್ಪಿದರೆ ಎರಡನೆಯದು ತಾನಾಗಿಯೇ ತಪ್ಪುತ್ತದೆ. ಶನಿವಾರ ಹಾಸ್ಟೆಲಿನಲ್ಲಿ ಸಾಮಾನು ಇಳಿಸಿ, ಭಾನುವಾರ ಬೆಳಿಗ್ಗೆ ಕೆಂಗೇರಿಯಿಂದ ಮಾರ್ಕೆಟ್ ಬಸ್ಸು ಹಿಡಿದು ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸ್ಮಾರಕ ದೇವಾಲಯಕ್ಕೆ ಹೋದೆವು. 1904ರಲ್ಲಿ ಕಟ್ಟಿದ ಕಲ್ಲಿನ ಕಟ್ಟಡ, ಕನ್ನಡ ಸಭೆ. ವೆಸ್ಲಿಯನ್ ಮಿಷನ್ನಿನ ಜೊಸಾಯ ಹಡ್ಸನ್ ಅವರ ಹೆಸರಿನದು. ಮಧ್ಯಾಹ್ನ ಅವೆನ್ಯೂ ರಸ್ತೆಗೆ ನಡೆದುಹೋಗಿ ರೈಸ್ ಸ್ಮಾರಕ ದೇವಾಲಯವನ್ನೂ ತೋರಿಸಿದೆ. ಅದು ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಹೆಸರಿನದು. ಶಾಸನಗಳ ಬಿ.ಎಲ್. ರೈಸ್ ಗೊತ್ತಲ್ಲ, ಅವರ ತಂದೆ ಇವರು ಎಂದೆ. ನಾವು ಬಾಸೆಲ್, ಇವರು ವೆಸ್ಲಿ, ಅವರು ಲಂಡನ್, ಈಗ ಎಲ್ಲರೂ ಒಂದೇ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ಬೇರೆ ಬೇರೆ ಮಿಷನ್ನುಗಳ ಸಭೆಗಳು ಒಂದಾಗಲು ತೊಡಗಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಈ ಊರಿನಲ್ಲಿ ನೀನು ಪರದೇಶಿ ಅಲ್ಲ ಎಂದು ಅವಳಿಗೆ ಕಣ್ಣಾರೆ ಕಾಣಲಿ ಎಂಬುದೇ ನನ್ನ ಆಸೆಯಾಗಿತ್ತು.

ನನ್ನ ಮನಸ್ಸು ಅಲ್ಲೇ ನಿಂತುಬಿಟ್ಟಿತ್ತು. ಆದರೆ ಲೆಕ್ಕ ಹಾಕಿದ್ದು ಮಗಳು. ಭಾನುವಾರ ಮೆಟ್ರೊ ಶುರುವಾಗುವುದೇ ಬೆಳಿಗ್ಗೆ 7ಕ್ಕೆ. ಬಸ್ಸೇನೋ ಇದೆ, ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡೂ ಇಲ್ಲ. ಆದರೆ ಹೋಗಿ ಬರುವುದಕ್ಕೇ ಎರಡೂವರೆ ತಾಸು. ‘ಮಮ್ಮಿ, ನೀ ಇದ್ದಾಗ ಬರ್ತೀನಿ. ಇಂಟರ್ನಲ್ಸ್ ಇದ್ದಾಗ ನಾ ಬರೂದಿಲ್ಲ, ಸುಳ್ಳ್ಯಾಕ ಹೇಳ್ಲಿ’ ಎಂದಳು. ಆ ಪ್ರಾಮಾಣಿಕತೆಗೆ ನಾನು ತಲೆಬಾಗಿದೆ. ಪಟ್ಟಿಯಲ್ಲಿ ಅರ್ಧ ತಾಸಿಗಿಂತ ದೂರದ್ದನ್ನೆಲ್ಲ ಹೊಡೆದು ಹಾಕಿದೆವು. ನಾಲ್ಕು ಉಳಿದವು.

ನಾಲ್ಕರಲ್ಲಿ ಒಂದು ದೊಡ್ಡ ಹಾಲಿನಲ್ಲಿ ನಡೆಯುವ ಸ್ವತಂತ್ರ ಸಭೆ. ಅವಳ ರೂಂಮೇಟ್ ಕರೆದುಕೊಂಡು ಹೋದಳು. ಮುಂದಿನ ತಿಂಗಳು ನಾನು ಬಂದಾಗ ನನ್ನನ್ನೂ ಕರೆದಳು. ಹಾಡು ನಿಜವಾಗಿಯೂ ಎದೆಗೆ ತಟ್ಟುವ ಹಾಗಿತ್ತು, ಅದನ್ನು ಇಲ್ಲ ಎನ್ನಲಾರೆ. ಯೌವನಸ್ಥರೇ ತುಂಬಿದ್ದರು. ಒಳಗೆ ಹೋಗುವಾಗ ಹೆಸರು, ನಂಬರ್ ಬರೆಸಿಕೊಂಡರು. ಕಾಣಿಕೆಯ ಕವರಿನ ಮೇಲೆ ಮೊತ್ತಗಳು ಅಚ್ಚಾಗಿದ್ದವು, ಸಾವಿರದಿಂದ ಶುರು. ಹೊರಗೆ ಬಂದಾಗ ಏನೂ ಅನ್ನಬಾರದು ಎಂದು ನಾಲಿಗೆ ಕಚ್ಚಿಕೊಂಡೆ. ಬಸ್ ಸ್ಟಾಪಿನಲ್ಲಿ ಒಂದೇ ಕೇಳಿದೆ: ‘ಇವತ್ತ ಪ್ರಸಂಗ ಯಾವ ವಚನದ ಮ್ಯಾಲಿತ್ತು?’

ಯೋಚಿಸಿದಳು. ‘ಆಶೀರ್ವಾದದ ಬಗ್ಗೆ ಇತ್ತು.’

‘ವಚನ ಯಾವುದು?’

ಬಸ್ಸು ಬಂತು, ಹತ್ತಿದೆವು. ನಾಲ್ಕು ಸ್ಟಾಪ್ ದಾಟಿದ ಮೇಲೆ ಕಿಟಕಿ ಕಡೆ ನೋಡುತ್ತಲೇ ‘ವಚನ ಓದೇ ಇಲ್ಲ ಅನ್ಸತೈತಿ ಮಮ್ಮಿ’ ಎಂದಳು. ಸೋಮವಾರ ಸಂಜೆಯೊಳಗೆ ಅಲ್ಲಿಂದ ಅವಳಿಗೆ ನಾಲ್ಕು ಫೋನ್ ಬಂದಿದ್ದವು. ನಾಲ್ಕನೆಯದರಲ್ಲಿ, ಶಿಶುವಾಗಿದ್ದಾಗ ಆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ಮುಂದಿನ ವಾರವೇ ಮುಳುಗಿ ತೆಗೆದುಕೊಳ್ಳಬೇಕು ಎಂದರಂತೆ. ಈ ವಿಷಯದಲ್ಲಿ ಭಕ್ತಿಯುಳ್ಳವರೇ ಬೇರೆ ಬೇರೆ ನಂಬುತ್ತಾರೆ, ಅದು ನನಗೆ ಗೊತ್ತು. ಆದರೆ ಹದಿನೆಂಟರ ಮಗುವಿಗೆ ಒಂದು ವಾರದ ಗಡುವು ಕೊಡುವವರನ್ನು ನಾನು ನಂಬುವುದಿಲ್ಲ. ಅವಳಿಗೆ ಹೇಳಿದ್ದು ಇಷ್ಟೇ: ಮೊದಲ ವರ್ಷ ಇಂಥ ಯಾವ ದೊಡ್ಡ ನಿರ್ಧಾರವನ್ನೂ ಒಂದು ಕೂಟದ ಹುಮ್ಮಸ್ಸಿನಲ್ಲಿ ಮಾಡಬೇಡ, ಓದು, ಇಬ್ಬರು ಹಿರಿಯರನ್ನು ಕೇಳು, ವರ್ಷ ಕಳೆದ ಮೇಲೂ ಮನಸ್ಸು ಹಾಗೇ ಇದ್ದರೆ ಮಾತಾಡೋಣ.

ಕಾಲೇಜಿನಲ್ಲಿ ಇಯು (ಇವಾಂಜೆಲಿಕಲ್ ಯೂನಿಯನ್) ಎಂಬ ವಿದ್ಯಾರ್ಥಿಗಳ ಪ್ರಾರ್ಥನಾ ಗುಂಪೂ ಇತ್ತು. 1954ರಿಂದ ದೇಶದ ಕಾಲೇಜುಗಳಲ್ಲಿ ಕೆಲಸ ಮಾಡುತ್ತಿರುವ ಯುಇಎಸ್‌ಐ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯವರದು. ವಾರಕ್ಕೊಂದು ಸಂಜೆ ಕೂಡುತ್ತಾರೆ, ಸತ್ಯವೇದವನ್ನು ಶ್ರದ್ಧೆಯಿಂದ ಓದುತ್ತಾರೆ. ಹೋಗು ಎಂದು ನಾನೇ ಹುರಿದುಂಬಿಸಿದೆ. ಸ್ವಲ್ಪ ದಿನಕ್ಕೆ ‘ಇದ ಸಾಕಲ್ಲ, ಚರ್ಚ್ ಯಾಕ’ ಎಂದಳು. ಅಲ್ಲಿ ಮುದುಕರು ಇದ್ದಾರೇನು, ಕೂಸುಗಳು ಇದ್ದಾವೇನು, ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗುತ್ತೀರೇನು ಎಂದು ಕೇಳಿದೆ. ಒಂದೇ ವಯಸ್ಸಿನವರು ಸೇರುವುದು ಗೆಳೆತನ, ಬೇಕಾದದ್ದೇ. ಸಭೆ ಅಂದರೆ ನಮ್ಮ ಆಯ್ಕೆಯಲ್ಲದ ಜನರ ಜೊತೆ ಒಂದೇ ರೊಟ್ಟಿಯಲ್ಲಿ ಪಾಲು ತಗೊಳ್ಳುವುದು.

ಅವಳು ಕೊನೆಗೆ ನೆಲೆನಿಂತದ್ದು ಹಾಸ್ಟೆಲಿನಿಂದ ಇಪ್ಪತ್ತು ನಿಮಿಷದ ಒಂದು ಸಣ್ಣ ಸಿಎಸ್‌ಐ ಸಭೆಯಲ್ಲಿ. ಅರವತ್ತು ಎಪ್ಪತ್ತು ಜನ. ಮೊದಲ ಸಲ ಹೋದಾಗ ನಾನೂ ಇದ್ದೆ. ಫ್ಯಾನು ಸದ್ದು ಮಾಡುತ್ತಿತ್ತು, ಮೈಕು ನಡುನಡುವೆ ಕೈಕೊಡುತ್ತಿತ್ತು. ಸಂಗೀತ ಪುಸ್ತಕ ಹುಡುಕುತ್ತಿದ್ದ ಮಗಳ ಮುಂದೆ ಪಕ್ಕದ ಬೆಂಚಿನ ಅಜ್ಜಿಯೊಬ್ಬರು ತಮ್ಮ ಪುಸ್ತಕವನ್ನು ತೆರೆದು ಸರಿಸಿದರು. ಹಾಡಿನ ಸಾಲಿನ ಕೆಳಗೆ ಬೆರಳಿಟ್ಟು, ಸಾಲು ಮುಗಿದ ಹಾಗೆ ಬೆರಳು ಸರಿಸುತ್ತಾ ಹೋದರು. ತಾವು ಮಾತ್ರ ಪುಸ್ತಕ ನೋಡಲೇ ಇಲ್ಲ, ಅವರಿಗೆ ಬಾಯಿಪಾಠ. ಬಾಗಿಲ ಹತ್ತಿರದ ಬೋರ್ಡಿನಲ್ಲಿ ಹಿಂದಿನ ಭಾನುವಾರದ ಕಾಣಿಕೆ, ಕರೆಂಟ್ ಬಿಲ್ಲು, ಒಬ್ಬ ರೋಗಿಗೆ ಕೊಟ್ಟ ಸಹಾಯ ಎಲ್ಲವನ್ನೂ ರೂಪಾಯಿ ಸಮೇತ ಬರೆದಿದ್ದರು. ಆ ಬೋರ್ಡನ್ನು ನಾನು ಎರಡು ಸಲ ಓದಿದೆ.

ನಮ್ಮ ಅಯ್ಯನವರು ಕೊಟ್ಟ ಪತ್ರವನ್ನು ಆರಾಧನೆ ಮುಗಿದ ಮೇಲೆ ಅಲ್ಲಿನ ಸಭಾಪಾಲಕರಿಗೆ ಕೊಟ್ಟೆ. ದೀಕ್ಷಾಸ್ನಾನ, ದೃಢೀಕರಣದ ತಾರೀಖು, ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದ್ದು, ಕೊನೆಗೆ ‘ಈ ಮಗುವನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದೇವೆ’ ಎಂಬ ಸಾಲು. ನಿಂತಲ್ಲೇ ಪೂರ್ತಿ ಓದಿದರು. ಮಡಚಿ ಜೇಬಿಗಿಟ್ಟುಕೊಂಡು, ‘ಹಾಸ್ಟೆಲ್ ಊಟ ಹೇಗಿದೆ ಮಗಳೇ?’ ಎಂದರು. ಯಾವ ಊರಿನವರಾದರೂ ಮಕ್ಕಳ ಕೈಯಲ್ಲಿ ಇಂಥದೊಂದು ಪತ್ರ ಕೊಟ್ಟು ಕಳಿಸಬೇಕು. ಕೊಡಿ ಎಂದು ಸಭಾಪಾಲಕರನ್ನು ಕೇಳಬೇಕು, ಅವರು ಮರೆತರೆ ನೆನಪಿಸಬೇಕು. 1996ರಲ್ಲಿ ನನ್ನ ಟ್ರಂಕಿನಲ್ಲಿ ಆ ಒಂದು ಹಾಳೆ ಇದ್ದಿದ್ದರೆ ಎಂದು ಅವತ್ತು ಅನಿಸಿತು.

ಇದೆಲ್ಲ ಆದ ಮೇಲೂ ನವೆಂಬರಿನಲ್ಲಿ ಅವಳು ನಾಲ್ಕು ಭಾನುವಾರ ಹೋಗಲಿಲ್ಲ. ಒಂದು ಟೆಸ್ಟು, ಒಂದು ಜ್ವರ, ಆಮೇಲೆ ಮೈಗಳ್ಳತನ. ಫೋನಿನಲ್ಲಿ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನಗೆ ತಿಳಿದದ್ದು ಆ ಅಜ್ಜಿಯಿಂದ. ‘ನಿಮ್ಮ ಹುಡುಗಿ ಕಾಣಲಿಲ್ಲಮ್ಮ, ಮೈ ಹುಷಾರಿದೆಯಾ?’ ಎಂದು ನನಗೇ ಫೋನ್ ಮಾಡಿದ್ದರು. ನಾನು ಮಗಳಿಗೆ ಬೈಯಲಿಲ್ಲ. ಅಜ್ಜಿಯ ನಂಬರ್ ಕಳಿಸಿ, ‘ಇವರು ಕೇಳ್ಯಾರ’ ಎಂದಷ್ಟೇ ಬರೆದೆ. ಅಡುಗೆಮನೆಯಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತೆ. ಮೂರು ವರ್ಷ ನಾನು ಕಾದಿದ್ದ ಫೋನು ಅದು, ನನ್ನ ಮಗಳಿಗಾದರೂ ಬಂತಲ್ಲ. ಮುಂದಿನ ಭಾನುವಾರ ಅವಳು ಹೋದಳು.

ಈ ಸಲ ಕ್ರಿಸ್‌ಮಸ್‌ಗೆ ಮನೆಗೆ ಬರುವುದಿಲ್ಲ ಎಂದಿದ್ದಾಳೆ. ಕ್ವಾಯರಿನಲ್ಲಿ ಸೇರಿಸಿಕೊಂಡಿದ್ದಾರೆ, 24ರ ರಾತ್ರಿ ಹಾಡಬೇಕಂತೆ. ಅವರಪ್ಪ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ತಾವೇ ಹೋಗಿ ರೈಲಿಗೆ ರಿಸರ್ವೇಶನ್ ಮಾಡಿಸಿ ಬಂದರು. ನಾನು ಕರ್ಚಿಕಾಯಿ ಕರಿಯಲು ಕೂತಿದ್ದೇನೆ. ಅಜ್ಜಿಗೆ ಹಲ್ಲಿಲ್ಲ, ಅವರ ಪಾಲಿನದು ಮೆತ್ತಗಿರಲಿ ಎಂದು ಮಗಳು ನಿನ್ನೆಯಿಂದ ಎರಡು ಸಲ ಫೋನ್ ಮಾಡಿ ಹೇಳಿದ್ದಾಳೆ.